ಕಿತ್ತೂರಿನ ಬಾಗಿಲುಗಳು

ಧಾರವಾಡದಿಂದ ಬೆಳಗಾವಿಯ ಹಾದಿ ಹಿಡಿದವರು ಕಿತ್ತೂರಿನಲ್ಲಿಳಿದು ಕೋಟೆಯನ್ನು ಹೊಕ್ಕರೆ, ಚಾವಣಿಯಿಲ್ಲದ ಅರಮನೆಯ ದಪ್ಪ ಗೋಡೆಗಳು ಎದುರಾಗುತ್ತವೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದದ್ದು ಇಲ್ಲಿಯೇ. ಡಿಸೆಂಬರಿನಲ್ಲಿ ಕೋಟೆ ಆಂಗ್ಲರ ವಶವಾಯಿತು.

ಆವರಣದಲ್ಲಿಯೇ ರಾಜ್ಯ ಸರಕಾರದ ವಸ್ತುಸಂಗ್ರಹಾಲಯವಿದೆ. ಮಕ್ಕಳು ಖಡ್ಗಗಳ ಮುಂದೆ ಗುಂಪುಗೂಡುವುದು ಸಹಜ. ಆದರೆ ಹಿರಿಯರು ತುಸು ಹೊತ್ತು ನಿಲ್ಲಬೇಕಾದದ್ದು, ಕುಸುರಿ ಕೆತ್ತನೆಯ ಹಳೆಯ ಮರದ ಬಾಗಿಲುಗಳೆದುರು. ಬಡಗಿಯ ಉಳಿ ಎಷ್ಟು ದಿನ ಆಡಿತ್ತೋ! ಒಳಗೆ, ತೆರೆಯಲು ಮನೆಯಿಲ್ಲದ ಬಾಗಿಲು. ಹೊರಗೆ, ಮಳೆಯಲ್ಲಿ ನೆನೆಯುವ ಬಾಗಿಲಿಲ್ಲದ ಅರಮನೆ.

ರಾಣಿ ಚೆನ್ನಮ್ಮ ಈ ಹೊಸ್ತಿಲಿಗೆ ಮರಳಲಿಲ್ಲ. 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡಳು. ಬೆಳಿಗ್ಗೆ ಸಂಗ್ರಹಾಲಯ ನೋಡಿದವರು ಸಂಜೆಯೊಳಗೆ ಅಲ್ಲಿಯ ಸಮಾಧಿಯನ್ನೂ ಕಂಡುಬರಬಹುದು.