ಓದಿದ್ದು – 7: ಒಂದು ಹನಿಯೂ ಕುಡಿಯದೆ ವೈನ್

ಹೂಂ, ವೈನ್ ಬಗ್ಗೆನೇ. ಸ್ಕ್ರೀನ್‌ಶಾಟ್ ತೆಗೆದು ನಮ್ಮಮ್ಮನಿಗೆ ಕಳಿಸ್ಬೇಡಿ ಪ್ಲೀಸ್. ಕುಡಿದಿಲ್ಲ, ಓದಿದ್ದು ಅಷ್ಟೆ. ಅಜ್ಜಂಪುರದಿಂದ ಕಡೂರಿಗೆ ಬರೋ ಬಸ್ಸಲ್ಲಿ, ಫೋನಲ್ಲಿ.

ಬರೆದವರು ಇಂಗ್ಲೆಂಡಿನ ಜ್ಯಾನ್ಸಿಸ್ ರಾಬಿನ್ಸನ್. 1950ರಲ್ಲಿ ಹುಟ್ಟಿದವರು, ಆಕ್ಸ್‌ಫರ್ಡಲ್ಲಿ ಓದಿದ್ದು ಗಣಿತ ಮತ್ತು ಫಿಲಾಸಫಿ. 1975ರಲ್ಲಿ ಒಂದು ವೈನ್ ಪತ್ರಿಕೆಗೆ ಸಹಾಯಕ ಸಂಪಾದಕಿಯಾಗಿ ಸೇರಿದ್ರು. ಅಲ್ಲಿಂದ ಶುರುವಾಗಿದ್ದು ಈ ಬರವಣಿಗೆ. 1984ರಲ್ಲಿ ‘ಮಾಸ್ಟರ್ ಆಫ್ ವೈನ್’ ಅನ್ನೋ ಕಷ್ಟದ ಪರೀಕ್ಷೆ ಪಾಸ್ ಮಾಡಿದ್ರು. ವೈನ್ ವ್ಯಾಪಾರದಲ್ಲಿ ಇಲ್ಲದ ಒಬ್ಬರು ಅದನ್ನ ಪಾಸ್ ಮಾಡಿದ್ದು ಅದೇ ಮೊದಲು. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ನಂಗೆ ಅವರು ಸಿಕ್ಕಿದ್ದು ಕಾಲೇಜ್ ಸೆಮಿನಾರ್ ದೆಸೆಯಿಂದ. ಫ್ಯೂಚರ್ಸ್ ಬಗ್ಗೆ ಹುಡುಕ್ತಾ ಇದ್ದೆ, ಫ್ರಾನ್ಸಿನ ಬೋರ್ಡೋ ಬಂತು. ಅಲ್ಲಿ ಸೆಪ್ಟೆಂಬರ್ ಅಕ್ಟೋಬರಲ್ಲಿ ದ್ರಾಕ್ಷಿ ಕೊಯ್ತಾರೆ. ಮುಂದಿನ ಏಪ್ರಿಲ್ ಹೊತ್ತಿಗೆ, ವೈನ್ ಇನ್ನೂ ಪೀಪಾಯಲ್ಲಿ ಇರುವಾಗಲೇ, ವಿಮರ್ಶಕರನ್ನ ಕರೆದು ರುಚಿ ತೋರಿಸ್ತಾರೆ. ಅವರು ಅಂಕ ಕೊಡ್ತಾರೆ, ರೇಟು ನಿಗದಿ ಆಗುತ್ತೆ, ಜನ ದುಡ್ಡು ಕಟ್ತಾರೆ. ಬಾಟಲಿ ಕೈಗೆ ಬರೋಕೆ ಇನ್ನೂ ಒಂದೂವರೆ ಎರಡು ವರ್ಷ! ತರೀಕೆರೆ ಕಡೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಕಾಯಿ ಮರದ ಮೇಲಿರುವಾಗಲೇ ತೋಟನ ಚೇಣಿ ಕೊಡಲ್ವಾ, ಹಂಗೇ.

ಈಗ ಜಗಳಕ್ಕೆ ಬರೋಣ. 2003ರಲ್ಲಿ ಯುರೋಪಲ್ಲಿ ಭಯಂಕರ ಬಿಸಿಲು. ಆ ವರ್ಷದ ‘ಶಾತೋ ಪಾವಿ’ ಅನ್ನೋ ವೈನನ್ನ ಅಮೆರಿಕದ ರಾಬರ್ಟ್ ಪಾರ್ಕರ್ ಹಾಡಿ ಹೊಗಳಿದ್ರು. ಪಾರ್ಕರ್ ಅಂದ್ರೆ ಸಾಮಾನ್ಯ ಅಲ್ಲ, ಅವರು 100ಕ್ಕೆ ಎಷ್ಟು ಕೊಡ್ತಾರೆ ಅನ್ನೋದರ ಮೇಲೆ ಬೋರ್ಡೋ ರೇಟು ಏರ್ತಿತ್ತು, ಇಳೀತಿತ್ತು. ರಾಬಿನ್ಸನ್ ಅದೇ ವೈನಿಗೆ ಕೊಟ್ಟಿದ್ದು 20ಕ್ಕೆ 12. ದ್ರಾಕ್ಷಿ ತೀರಾ ಹಣ್ಣಾಗಿ ಸಿಹಿ ಅತಿಯಾಗಿದೆ ಅನ್ನೋದು ಅವರ ತಕರಾರು. ಇದು ಓದಿದಾಗ ನಂಗೆ ನಗು ಬಂತು. ಅಡಿಕೆ ಹದ ಮೀರಿ ಬಲಿತ್ರೆ ಗೊರಬಲು ಆಗಲ್ವಾ, ರೇಟು ಬೀಳಲ್ವಾ? ಎಳೇದರಲ್ಲಿ ಮಾಡಿದ ಸರಕಿಗೆ ತಾನೇ ದುಡ್ಡು! ಅಷ್ಟು ದೊಡ್ಡ ಜಗಳ ಕೊನೆಗೆ ಕೊಯ್ಲಿನ ಹದದ ಮೇಲೆ.

ಪಾರ್ಕರ್ ಸರಿನಾ ಇವರು ಸರಿನಾ ಬಿಡಿ. ನಂಗೆ ಇಷ್ಟ ಆಗಿದ್ದು ಆಯಮ್ಮ ಕಾರಣ ಬರೆದಿದ್ದು. ಬರೀ ಅಂಕ ಒಗೆದು ಸುಮ್ನಾಗಿಲ್ಲ. ಒಂದೊಂದು ವೈನಿಗೂ ವಾಸನೆ ಏನು, ನಾಲಿಗೆ ಮೇಲೆ ಎಷ್ಟು ಹೊತ್ತು ನಿಲ್ಲುತ್ತೆ, ಯಾವ ವರ್ಷದಿಂದ ಯಾವ ವರ್ಷದೊಳಗೆ ಕುಡೀಬೇಕು, ಎಲ್ಲಾ ಬರೀತಾರೆ. ವಾಕ್ಯ ಪುಟ್ಟದು, ಬಿಲ್ಡಪ್ ಇಲ್ಲ. ವೈನ್ ಬರೆಯೋರ ಪದಗಳಂತೂ ಮಜಾ. ಪೊಯ್ಯಾಕ್ ಊರಿನ ವೈನಿಗೆ ಪೆನ್ಸಿಲ್ ಕೆತ್ತಿದ ವಾಸನೆ, ಶಾಬ್ಲಿಗೆ ಒದ್ದೆ ಕಲ್ಲಿನದು, ಸೊವಿನ್ಯೋ ಬ್ಲಾಂಗೆ ಬೆಕ್ಕಿನ ಉಚ್ಚೆದು (ನಿಜವಾಗ್ಲೂ, ಬೈಗುಳ ಅಲ್ಲ). ಬ್ಲ್ಯಾಕ್ ಕರಂಟ್ ನಾನು ಕಂಡಿಲ್ಲ. ಅದು ಬಂದಲ್ಲೆಲ್ಲ ನೇರಳೆ ಹಣ್ಣು ಅಂತ ಓದ್ಕೊಂಡೆ, ನಡೀತು.

ಹೋದ ವರ್ಷ ಅಪ್ಪನ ಜೊತೆ ಅಡಿಕೆ ಮಾರೋಕೆ ಹೋಗಿದ್ದೆ. ಕೊಳ್ಳೋರು ಚೀಲಕ್ಕೆ ಕೈ ಹಾಕಿ, ನಾಲ್ಕು ಅಡಿಕೆ ಅಂಗೈ ಮೇಲೆ ಉರುಳಿಸಿ, ಒಂದನ್ನ ಕತ್ತರಿಸಿ ನೋಡಿ ‘ಬಣ್ಣ ಸಾಲ್ದು’ ಅಂದ್ರು. ಎರಡೇ ಪದ. ಯಾಕೆ ಸಾಲ್ದು, ಯಾವುದಕ್ಕಿಂತ ಸಾಲ್ದು ಅಂತ ಕೇಳೋಕೆ ಅಪ್ಪನಿಗೆ ಬಾಯಿ ಬರಲಿಲ್ಲ. ಆ ಎರಡು ಪದಕ್ಕೆ ಹೋಗಿದ್ದು ಹತ್ತಿರ ಹತ್ತಿರ ನನ್ನ ಒಂದು ಸೆಮಿಸ್ಟರ್ ಫೀಸು. ಅಲ್ಲಿ ರುಚಿ ನೋಡೋರೂ ಅವರೇ, ಕೊಳ್ಳೋರೂ ಅವರೇ. ವ್ಯಾಪಾರದಲ್ಲಿ ಇಲ್ಲದವರು ಪರೀಕ್ಷೆ ಪಾಸ್ ಮಾಡಿದ್ದು ಯಾಕೆ ದೊಡ್ಡ ವಿಷಯ ಅಂತ ನಂಗೆ ಹೊಳೆದಿದ್ದು ಆ ಚೀಲ ನೆನೆಸ್ಕೊಂಡಾಗ.

ಅಪ್ಪನಿಗೆ ಪದ ಇಲ್ಲ ಅಂತಲ್ಲ. ಬೇಯಿಸೋವಾಗ ಚೊಗರಿನ ಬಣ್ಣ ನೋಡಿ, ಒಣಗಿದ ಮೇಲೆ ಎರಡು ಅಡಿಕೆ ಒಂದಕ್ಕೊಂದು ತಟ್ಟಿ ಸದ್ದು ಕೇಳಿ ಏನೇನೋ ಹೇಳ್ತಾರೆ. ಯಾರೂ ಬರೆದಿಟ್ಟಿಲ್ಲ ಅಷ್ಟೆ. ಈ ಸಲದ ಕೊಯ್ಲಿಂದ ನಾನು ಒಂದು ನೋಟ್‌ಬುಕ್ಕಲ್ಲಿ ಬರೀತಿದ್ದೀನಿ: ತಾರೀಖು, ಯಾವ ತೋಟ, ಬಣ್ಣ, ಸದ್ದು, ಒಳಗಿನ ಬಿಳಿ ಎಷ್ಟು. 20ಕ್ಕೆ ಅಂಕನೂ ಹಾಕ್ತೀನಿ. ಅಪ್ಪ ‘12 ತುಂಬಾ ಕಡಿಮೆ ಆಯ್ತು’ ಅಂತ ಮೊನ್ನೆ ವಾದ ಮಾಡಿದ್ರು.

ನಿಮ್ಮನೇಲಿ ಅಡಿಕೆ, ಕೊಬ್ಬರಿ, ಈರುಳ್ಳಿ ನೋಡಿ ಹೇಳೋ ಪದ ಇದ್ರೆ ಮೆಸೇಜ್ ಮಾಡ್ರೋ. ಅಜ್ಜಿ ಹೇಳೋದಾದ್ರೆ ವಾಯ್ಸ್ ನೋಟ್ ಆದ್ರೂ ಪರವಾಗಿಲ್ಲ.