ಮೇಲುಕೋಟೆಗೊಂದು ಮೋಟಾರು ಸಾರ್ಥ

ಸಂಸ್ಕೃತದಲ್ಲಿ ‘ಸಾರ್ಥ’ವೆಂಬ ಶಬ್ದವೊಂದುಂಟು. ಕೂಡಿ ಪಯಣಿಸುವ ವರ್ತಕರ ಸಮೂಹವೆಂದು ಅದರ ಅರ್ಥ. ಅದನ್ನು ನಡೆಸುವವನೇ ಸಾರ್ಥವಾಹನು. ಎತ್ತು ಒಂಟೆಗಳ ಆ ಕಾಲವು ಕಳೆದುಹೋಯಿತಾದರೂ, ಮೋಟಾರು ಗಾಡಿಗಳಲ್ಲಿ ಆಸಕ್ತಿಯುಳ್ಳ ಗೆಳೆಯರು ವಾರದ ಬಿಡುವಿನಲ್ಲಿ ಐದಾರು ಗಾಡಿಗಳಾಗಿ ಹೊರಡುವ ಪದ್ಧತಿಯು ಈಗ ಬಳಕೆಗೆ ಬಂದಿರುವುದರಿಂದ, ಸಾರ್ಥವು ರೂಪಾಂತರದಿಂದ ಮರಳಿ ಬಂದಿತೆನ್ನಬಹುದು. ಇಂತಹ ಪಯಣದಲ್ಲಿ ವಿನೋದವೆಷ್ಟೋ ವಿಪತ್ತಿಗೆ ಎಡೆಯೂ ಅಷ್ಟೇ ಉಂಟು. ಆದುದರಿಂದ ಕಳೆದ ಪುಷ್ಯಮಾಸದ ಒಂದು ಭಾನುವಾರ ನನ್ನ ಹಳೆಯ ಶಿಷ್ಯರೊಡನೆ ಮೈಸೂರಿನಿಂದ ಮೇಲುಕೋಟೆಗೆ ಹೋಗಿಬಂದ ಕ್ರಮವನ್ನು ವಾಚಕರ ಮುಂದಿಡುವೆನು.

ಗಾಡಿಗಳು ಆರು, ಜನರು ಮಕ್ಕಳುಮರಿಗಳೂ ಸೇರಿ ಇಪ್ಪತ್ತೆರಡು. ಐದು ಗಾಡಿಗಳು ಹೊಸವು. ಆರನೆಯದು ಅಂಬಾಸಡರ್. ಆ ಜಾತಿಯ ಗಾಡಿಗಳ ತಯಾರಿಕೆಯು 2014ರಲ್ಲಿಯೇ ನಿಂತಿತಷ್ಟೆ. ಅದರ ಒಡೆಯನು ತಂದೆಯ ಕಾಲದ ಆ ಗಾಡಿಯನ್ನು ಮಗುವಿನಂತೆ ಸಾಕಿಕೊಂಡಿರುವನು. ದೂರವು ಸುಮಾರು 50 ಕಿಲೋಮೀಟರು ಮಾತ್ರ. ಆದರೂ ಮುಂದಾಳಾದ ಶಿಷ್ಯನು ಹಿಂದಿನ ದಿನವೇ ಎಲ್ಲರಿಗೂ ಒಂದೊಂದು ಚೀಟಿಯನ್ನು ಕೊಟ್ಟಿದ್ದನು. ಹೊರಡುವ ಹೊತ್ತು, ನಿಲ್ಲುವ ಸ್ಥಳ, ತಿರುವುಗಳು, ಗಾಳಿ ನೀರು ಎಣ್ಣೆಗಳನ್ನು ನೋಡಿಕೊಂಡು ಬರಬೇಕೆಂಬ ಸೂಚನೆ, ಇಷ್ಟೂ ಅದರಲ್ಲಿದ್ದುವು. ಮೊದಲನೆಯ ಗಾಡಿ ಅವನದು, ಎರಡನೆಯದು ಅಂಬಾಸಡರ್, ಕಟ್ಟಕಡೆಯದು ರಿಪೇರಿ ಬಲ್ಲವನದು. ನಿಧಾನದ ಗಾಡಿಯನ್ನು ಹಿಂದೆ ಹಾಕಿದರೆ ಅದು ಉಳಿದವರನ್ನು ಹಿಡಿಯಲೆಂದು ಶಕ್ತಿ ಮೀರಿ ಓಡಬೇಕಾಗುವುದು. ಮುಂದಿಟ್ಟರೆ ಎಲ್ಲರ ವೇಗವೂ ಅದಕ್ಕೆ ಹೊಂದಿಕೊಳ್ಳುವುದು. ಪ್ರತಿಯೊಬ್ಬನೂ ತನ್ನ ಹಿಂದಿನ ಗಾಡಿಯನ್ನು ಕನ್ನಡಿಯಲ್ಲಿ ನೋಡುತ್ತಿರಬೇಕು, ತಿರುವಿನಲ್ಲಿ ಅದು ಕಾಣುವವರೆಗೂ ಕಾಯಬೇಕು ಎಂಬುದೊಂದೇ ಕಟ್ಟಳೆ. ಹೀಗೆ ನಡೆದರೆ ಚಾಲಕನು ಫೋನನ್ನು ಕೈಗೆತ್ತಿಕೊಳ್ಳುವ ಪ್ರಮೇಯವೇ ಇರುವುದಿಲ್ಲ.

ಶ್ರೀರಂಗಪಟ್ಟಣದವರೆಗೆ ವಿಶಾಲವಾದ ಹೆದ್ದಾರಿ. ದಾರಿಯಲ್ಲಿ 2023ರಲ್ಲಿ ತೆರೆದ ‘ಪಯಣ’ವೆಂಬ ಹಳೆಯ ಕಾರುಗಳ ಸಂಗ್ರಹಾಲಯವಿದೆ, ಗಾಡಿಪ್ರಿಯರು ಅಲ್ಲಿಂದ ಹೊರಡಲು ಬಹಳ ಹೊತ್ತು ಹಿಡಿಯಿತು. ಮರಳಿ ಗಾಡಿಯೇರುವಾಗ ತರುಣನೊಬ್ಬನು, “ಸೇತುವೆಯವರೆಗೆ ಯಾರು ಮೊದಲು ಮುಟ್ಟುವರೋ ನೋಡೋಣವೆ?” ಎಂದನು. ಮುಂದಾಳು, “ಪಂದ್ಯವಾದರೆ ನನ್ನನ್ನು ಬಿಡಪ್ಪ, ನನ್ನ ಗಾಡಿಯಲ್ಲಿ ಮೇಷ್ಟರೂ ಮಕ್ಕಳೂ ಇದ್ದಾರೆ” ಎಂದು ನಕ್ಕನು. ಸಾರ್ವಜನಿಕ ಮಾರ್ಗದಲ್ಲಿ ಓಟದ ಪಂದ್ಯವು 1988ರ ಮೋಟಾರು ವಾಹನ ಕಾಯಿದೆಯಂತೆ ಶಿಕ್ಷಾರ್ಹವೆಂಬುದನ್ನು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಹೆದ್ದಾರಿಯನ್ನು ಬಿಟ್ಟು ಪಾಂಡವಪುರದತ್ತ ತಿರುಗಿದೊಡನೆ ಲೋಕವೇ ಬೇರೆ. ನಾಲೆಯ ನೀರು, ಕಬ್ಬಿನ ಗದ್ದೆಗಳು, ಹೊರೆ ಹೊತ್ತ ಎತ್ತಿನ ಗಾಡಿಗಳು, ದೂರದಲ್ಲಿ ಕುಂತಿಬೆಟ್ಟದ ಬಂಡೆಗಳು. ಗಾಡಿಗಾಡಿಗೂ ನಡುವೆ ಅಂತರವನ್ನು ಬಿಟ್ಟಿದ್ದುದರಿಂದ ಹಳ್ಳಿಯ ಬಸ್ಸುಗಳೂ ಸೈಕಲ್ಲುಗಳೂ ನಮ್ಮ ನಡುವೆ ನಿರಾತಂಕವಾಗಿ ನುಸುಳಿ ಹೋದುವು.

ಇನ್ನೂ ಮುಂದೆ, ಒಣಭೂಮಿಯ ಸೀಮೆಯಲ್ಲಿ, ರಸ್ತೆಯ ಮೇಲೆ ಹುರುಳಿಯನ್ನು ಒಕ್ಕಣೆಗೆ ಹರಡಿದ್ದರು. ಮುಂದಾಳು ಗಾಡಿಯನ್ನು ನಿಲ್ಲಿಸಿ, “ಅಮ್ಮಾ, ಒಂದಿಷ್ಟು ದಾರಿ ಮಾಡಿಕೊಡುವಿರಾ?” ಎಂದು ಕೇಳಿದನು. ಅಲ್ಲಿದ್ದ ಮುದುಕಿಯು, “ಅದ್ಕೇನ್ ಸ್ವಾಮಿ, ಬನ್ನಿ” ಎಂದು ಒಂದು ಬದಿಯ ಹೊಟ್ಟನ್ನು ಸರಿಸಿದಳು. ನಾಲ್ಕು ಗಾಡಿಗಳು ದಾಟಿದುವು. ಐದನೆಯವನು, ಪಂದ್ಯವನ್ನು ಬಯಸಿದ ಅದೇ ತರುಣನು, ರಾಶಿಯ ಮೇಲೆಯೇ ಹಾಯಿಸಿದನು. ಬಳ್ಳಿಯು ಗಾಡಿಯ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ ಹೊಗೆಯಾಡತೊಡಗಿತು. ಅವನಿಗೆ ಅದು ತಿಳಿಯಲೇ ಇಲ್ಲ. ಹಿಂದಿದ್ದವನು ಕಂಡು, ದೀಪವನ್ನು ಮಿನುಗಿಸಿ ನಿಲ್ಲಿಸಿದನು. ಮೊದಲು ಹೆಂಗಸರನ್ನೂ ಮಕ್ಕಳನ್ನೂ ಇಳಿಸಿ ದೂರಕ್ಕೆ ಕಳುಹಿಸಿದರು. ಬಳಿಕ ನೀರೆರಚಿ, ಕೋಲಿನಿಂದ ಬಳ್ಳಿಯನ್ನು ಎಳೆದು ತೆಗೆದರು. ಇನ್ನು ಅರ್ಧ ಮೈಲಿ ಹೋಗಿದ್ದರೆ ಬೆಂಕಿಯು ಹೊತ್ತಿಕೊಳ್ಳುತ್ತಿತ್ತೋ ಏನೋ! ರಸ್ತೆಯಲ್ಲಿ ಒಕ್ಕಣೆಯು ತರವಲ್ಲವೆಂಬುದು ದಿಟ. ಆದರೆ ಕಣವಿಲ್ಲದ ಬಡವನ ಕಾಳನ್ನು ತುಳಿದು ಹೋಗುವುದೂ ತರವಲ್ಲ. ತರುಣನು ಹಿಂದಿರುಗಿ ಹೋಗಿ, ಚೆದುರಿದ ಹೊಟ್ಟನ್ನು ಮುದುಕಿಯೊಡನೆ ಕೂಡಿಸಿಕೊಟ್ಟು ಬಂದನು.

ಜಕ್ಕನಹಳ್ಳಿಯನ್ನು ದಾಟಿ ಬೆಟ್ಟವನ್ನೇರಿದೆವು. ಅಂಬಾಸಡರ್ ಏದುಸಿರು ಬಿಡುತ್ತ ಬಂದಿತು. ಮೇಲೆ ಅದು ತಣಿಯುವವರೆಗೂ ರೇಡಿಯೇಟರಿನ ಮುಚ್ಚಳವನ್ನು ಯಾರೂ ಮುಟ್ಟಲಿಲ್ಲ. ಊರಿನ ಬೀದಿಗಳು ಕಿರಿದಾದುದರಿಂದ ಗಾಡಿಗಳನ್ನು ದೂರದ ಬಯಲಿನಲ್ಲಿಯೇ ಬಿಟ್ಟು ನಡೆದೆವು. ಆಗ ನನಗೆ ನಳೋಪಾಖ್ಯಾನದ ನೆನಪಾಯಿತು. ದಮಯಂತಿಯು ಸೇರಿಕೊಂಡ ಸಾರ್ಥವು ಕೊಳದ ದಾರಿಗೆ ಅಡ್ಡವಾಗಿ ಮಲಗಿದ್ದುದರಿಂದಲೇ ನೀರಿಗೆ ಬಂದ ಕಾಡಾನೆಗಳ ಕಾಲ್ತುಳಿತಕ್ಕೆ ಸಿಕ್ಕಿತು. ಪರರ ದಾರಿಯನ್ನು ಕಟ್ಟದಂತೆ ತಂಗುವುದು ಸಾರ್ಥದ ಮೊದಲ ಧರ್ಮವೆಂದು ಮಕ್ಕಳಿಗೆ ಹೇಳಿದೆನು.

ಚೆಲುವನಾರಾಯಣನ ದರ್ಶನವಾಯಿತು, ಯೋಗನರಸಿಂಹನ ಮೆಟ್ಟಿಲುಗಳನ್ನು ಹತ್ತಿದೆವು, ಪುಳಿಯೋಗರೆಯನ್ನು ಸವಿದೆವು, ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಕುಳಿತು ದಣಿವಾರಿಸಿಕೊಂಡೆವು. ಸಂಜೆ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿದು, ಕತ್ತಲಾಗುವ ಮುನ್ನ ಮೈಸೂರನ್ನು ಸೇರಿದೆವು. ಮುಂದಾಳು ರಸ್ತೆಯಂಚಿನಲ್ಲಿ ನಿಂತು, ಆರು ಗಾಡಿಗಳನ್ನೂ ಇಪ್ಪತ್ತೆರಡು ಮಂದಿಯನ್ನೂ ಎಣಿಸಿ, ಎಲ್ಲರನ್ನೂ ಮನೆಗೆ ಕಳುಹಿಸಿ, ಬಳಿಕ ತಾನು ಹೊರಟನು. ಸಾರ್ಥವಾಹನಾಗಬಯಸುವ ತರುಣರು ಹೊರಡುವಾಗ ಮುಂದಿರುವುದನ್ನು ಮಾತ್ರವಲ್ಲ, ಹೀಗೆ ಕೊನೆಯಲ್ಲಿ ಉಳಿಯುವುದನ್ನೂ ಕಲಿಯಲಿ.