ಮರಳೂರಿನ ಮನೆಗೆ ಬಂದೂಕು ಬೇಕೆ?

ತಲಕಾಡಿನಲ್ಲಿ ಬಸ್ಸಿಳಿದವರು ಸಾಮಾನ್ಯವಾಗಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮರಳಿನಲ್ಲಿ ನಡೆದು, ಅಲಮೇಲಮ್ಮನ ಶಾಪದ ಕಥೆ ಕೇಳಿ, ಕಾವೇರಿಯಲ್ಲಿ ಮಿಂದು, ಕತ್ತಲಾಗುವ ಮುನ್ನ ಮೈಸೂರಿನ ದಾರಿ ಹಿಡಿಯುತ್ತಾರೆ. ಊರಿನ ಹೆಸರಿನ ಹಿಂದಿರುವ ಇನ್ನೊಂದು ಕಥೆಗೆ ಕಿವಿಗೊಡುವವರು ಕಡಿಮೆ. ತಲ, ಕಾಡ ಎಂಬ ಇಬ್ಬರು ಬೇಡರು ಆನೆಗಳು ಮರವೊಂದನ್ನು ಪೂಜಿಸುವುದನ್ನು ಕಂಡು, ಏನಿದೆಯೋ ನೋಡೋಣವೆಂದು ಅದಕ್ಕೆ ಕೊಡಲಿ ಹಾಕಿದರಂತೆ. ಮರದಿಂದ ರಕ್ತ ಚಿಮ್ಮಿತಂತೆ. ಅದೇ ಮರದ ಎಲೆಯನ್ನು ಹಚ್ಚಿದಾಗ ಗಾಯ ಮಾಯಿತಂತೆ. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವ ಇಲ್ಲಿ ವೈದ್ಯನಾಥೇಶ್ವರನಾದ.

ಆಯುಧ ಈ ಊರಿಗೆ ಹೊಸದಲ್ಲ. ಗಂಗರ ರಾಜಧಾನಿಯಾಗಿ ಮೆರೆದು ಚೋಳರ ಕೈಸೇರಿದ ತಲಕಾಡನ್ನು 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಗೆದ್ದು 'ತಲಕಾಡುಗೊಂಡ' ಎನಿಸಿಕೊಂಡ. ಆ ಗೆಲುವಿನ ಗುರುತು ಕೀರ್ತಿನಾರಾಯಣನ ಗುಡಿ. ಆದರೆ ಈಚಿನ ವರ್ಷಗಳಲ್ಲಿ ಈ ಸೀಮೆಯ ಜನರನ್ನು ಮನೆಯೊಳಗೆ ಕೂಡಿಹಾಕಿದ್ದು ಅರಸರ ದಂಡಲ್ಲ, ಚಿರತೆ.

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬ ವೃದ್ಧೆ, ಹನ್ನೊಂದು ವರ್ಷದ ಒಬ್ಬ ಹುಡುಗ. ಮಗಳು ಕಾಲೇಜಿನಿಂದ ಬರುವುದು ಅರ್ಧ ಗಂಟೆ ತಡವಾದರೆ ತಾಯಿ ರಸ್ತೆಗೆ ಬಂದು ನಿಲ್ಲುವ ಕಾಲವದು. ಅಂಥ ಹೊತ್ತಿನಲ್ಲಿ ಮನೆಗೊಂದು ಬಂದೂಕು ಇರಲಿ ಎಂದು ತಂದೆಯಾದವನಿಗೆ ಅನ್ನಿಸಿದರೆ ತಪ್ಪೆನ್ನುವಂತಿಲ್ಲ.

ಅನ್ನಿಸಿದಷ್ಟು ಬೇಗ ಅದು ಕೈಗೆ ಬರುವುದಿಲ್ಲ. ಇದು ಕೊಡಗಲ್ಲ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಇಲ್ಲಿಯವರಿಗಿಲ್ಲ. 1959ರ ಆಯುಧ ಕಾಯಿದೆಯಂತೆ ವಯಸ್ಸು 21 ತುಂಬಿರಬೇಕು, ಜಿಲ್ಲಾಡಳಿತಕ್ಕೆ ಅರ್ಜಿ ಹಾಕಬೇಕು, ಪೊಲೀಸರ ವರದಿ ಬರಬೇಕು. 2016ರ ನಿಯಮಗಳು ಬಂದ ಮೇಲೆ ಸುರಕ್ಷತೆಯ ತರಬೇತಿಯೂ ಬೇಕು.

ಇಷ್ಟೆಲ್ಲ ಆಗಿ ಮೊದಲ ಬಂದೂಕು ಆರಿಸುವ ಹೊತ್ತಿಗೆ, ಪಿಸ್ತೂಲಿನ ಸಿನಿಮಾ ಆಸೆಯನ್ನು ಬದಿಗಿಡುವುದು ಲೇಸು. ಅಭ್ಯಾಸವಿಲ್ಲದ ಕೈಯಲ್ಲಿ ಅದರ ಗುರಿ ನಿಲ್ಲುವುದು ಕಷ್ಟ. ಬೆಳೆ ಕಾಯುವವರ ಕೇಪಿನ ಕೋವಿಗೆ ಪ್ರತಿ ಈಡಿಗೂ ನಳಿಗೆಯ ಬಾಯಿಂದ ಮದ್ದು ತುಂಬಬೇಕು; ಚಿರತೆ ಅಷ್ಟು ಹೊತ್ತು ಕಾಯುವುದಿಲ್ಲ. ಹೊಸಬನಿಗೆ ಹೊಂದುವುದು ಹನ್ನೆರಡು ಬೋರಿನ ಒಂಟಿನಳಿಗೆ ಬಂದೂಕು. ಮಧ್ಯಕ್ಕೆ ಮಡಿಸಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಮಕ್ಕಳಿರುವ ಮನೆಯಲ್ಲಿ ಅದಕ್ಕಿಂತ ದೊಡ್ಡ ಗುಣ ಬೇರೆ ಬೇಕಿಲ್ಲ.

ಆದರೆ ಮಕ್ಕಳಿರುವ ಮನೆಯಲ್ಲಿ ಬಂದೂಕನ್ನು ಬರಿದು ಮಾಡಿ ಬೀಗ ಹಾಕಿಡಬೇಕು, ತೋಟಾಗಳನ್ನು ಬೇರೆ ಕಡೆ ಬೀಗದಲ್ಲಿಡಬೇಕು. ಕತ್ತಲಲ್ಲಿ ಎರಡು ಬೀಗ ತೆಗೆದು, ತೋಟಾ ಹಾಕಿ ಹೊರಬರುವಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ. 2022ರ ಡಿಸೆಂಬರಿನಲ್ಲಿ ಕೆಬ್ಬೆಹುಂಡಿಯ ವಿದ್ಯಾರ್ಥಿನಿಯ ಮೇಲೆ ಚಿರತೆ ಎರಗಿದ್ದು ಮನೆಯ ಹಿಂಭಾಗದಲ್ಲಿ. ಹೊರಳಹಳ್ಳಿಯ ಹುಡುಗ ಸಂಜೆ ಅಂಗಡಿಗೆಂದು ಹೋಗಿದ್ದ. ಒಳಗಿನ ಬೀರುವಿನಲ್ಲಿದ್ದ ಬಂದೂಕು ಇವರಿಬ್ಬರಲ್ಲಿ ಯಾರಿಗೆ ಒದಗುತ್ತಿತ್ತು? ಚಿರತೆಯೇನೋ ಎಂದು ಹಾರಿಸಿದ ಚರೆ ಪಕ್ಕದ ಮನೆಯವರಿಗೆ ತಗುಲುವ ಭಯ ಬೇರೆ.

ಕಾಯಿದೆಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಚಿರತೆ ಸೇರಿದೆ. ನರಭಕ್ಷಕವಾದರೂ ಅದನ್ನು ಬೇಟೆಯಾಡಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲ, ನಿಜ. ಹಿತ್ತಲಲ್ಲಿ ಸುಳಿದಾಡಿತೆಂದು ಹೊಡೆದುರುಳಿಸಲು ಮಾತ್ರ ಯಾರಿಗೂ ಹಕ್ಕಿಲ್ಲ.

ತಾಲ್ಲೂಕಿನಲ್ಲಿ ಆಗ ನಡೆದ ಕೆಲಸವೇ ಬೇರೆ ಬಗೆಯದು. ಅರಣ್ಯ ಇಲಾಖೆಯವರು ಬೋನಿಟ್ಟರು, ಓಡಾಟದ ಜಾಡು ತಿಳಿಯಲು ಕ್ಯಾಮೆರಾ ಕಟ್ಟಿದರು. 2023ರಲ್ಲಿ ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯೇ ರಚನೆಯಾಯಿತು. ಆಳೆತ್ತರ ಬೆಳೆದ ಕಬ್ಬು ಚಿರತೆಗೆ ಅಡಗುದಾಣ. ಮನೆಗೆ ತಾಗಿದ ಕಬ್ಬನ್ನು ಹೊತ್ತಿಗೆ ಸರಿಯಾಗಿ ಕಡಿದರೆ ಅರ್ಧ ಭಯ ಕಡಿಮೆ. ಬಚ್ಚಲು, ಶೌಚಾಲಯ ಮನೆಯೊಳಗೇ ಇರುವುದು, ಹಿತ್ತಲಿಗೊಂದು ದೀಪ, ಬೀದಿಯಲ್ಲಿ ಕೊಳೆತ ಮಾಂಸ ಬಿಸಾಡದಿರುವುದು – ಇವಕ್ಕೆ ಪರವಾನಗಿ ಬೇಕಿಲ್ಲ, ಬೀಗ ತೆಗೆಯುವಷ್ಟು ತಡವೂ ಇಲ್ಲ.

ತಲಕಾಡು ಮೈಸೂರಿನಿಂದ ಸುಮಾರು 45 ಕಿಲೋಮೀಟರ್. ತಿ. ನರಸೀಪುರದ ಮೇಲೆ ಬರುವ ದಾರಿಯಲ್ಲಿ ಎರಡೂ ಕಡೆ ಕಬ್ಬು, ಭತ್ತ. ಮಕ್ಕಳನ್ನು ಕರೆದುಕೊಂಡು ಬರುವವರು ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು: ಮರಳು ಕಾಯುವ ಮುನ್ನ ಗುಡಿಗಳು ಮುಗಿಯುತ್ತವೆ, ಕತ್ತಲಿಗೆ ಮುನ್ನ ಮನೆ ಸೇರಬಹುದು.